ನೆಲದ ಹೆಸರುಗಳು: ಮಂಜರಾಬಾದ್ ಸೀಮೆಯಲ್ಲಿ ಆರು ವಾರ

ಈ ಪುಟದಲ್ಲಿ ಏನನ್ನೂ ಬರೆಯದೆ ಬಹಳ ದಿನಗಳಾದವು. ಮಂಡಿನೋವು ಒಂದು ನೆಪ. ಬರೆಯಬೇಕೆಂದುಕೊಂಡ ವಿಷಯ ಕೊನೆಗೆ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುವಲ್ಲಿಗೆ ಬಂದು ನಿಲ್ಲುತ್ತದೆ ಎಂಬುದೇ ನಿಜವಾದ ಕಾರಣ.

2024ರ ಏಪ್ರಿಲ್ ತಿಂಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮಗಳು ಮನೆಗೆ ಬಂದಳು. ವಾಸ್ತುಶಿಲ್ಪ ಓದುತ್ತಿರುವ ಹುಡುಗಿ. ಅವಳ ತಂದೆ ಕೊನೆಯ ಬೆಂಚಿನಲ್ಲಿ ಕುಳಿತು ಕಿಟಕಿಯಾಚೆಗಿನ ದನಗಳನ್ನು ಎಣಿಸುತ್ತಿದ್ದವನು; ಮಗಳು ಹಾಗಿಲ್ಲ. "ಸರ್, ನನಗೆ ಆರು ವಾರ ಇಂಟರ್ನ್‌ಶಿಪ್ ಇದೆ. ನಮ್ಮ ಕಡೆಯ ಐತಿಹಾಸಿಕ ಭೂದೃಶ್ಯಗಳನ್ನು ದಾಖಲೆ ಮಾಡಬೇಕು. ಅಪ್ಪ ಹೇಳಿದರು, ನಿಮ್ಮನ್ನು ಕೇಳಿದರೆ ಆಗುತ್ತೆ ಅಂತ" ಎಂದಳು. ಮೊದಲು ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿ ಈ ಕೆಲಸ ಮಾಡಬೇಕೆಂದು ಯೋಚಿಸಿದ್ದಳಂತೆ. ಹುಟ್ಟಿದೂರಿನ ಜನ, ಮಾತು, ದಾರಿಗಳು ಗೊತ್ತಿರುವುದರಿಂದ ಇಲ್ಲಿಯೇ ಮಾಡುವುದೆಂದು ಆಮೇಲೆ ನಿಶ್ಚಯಿಸಿದ್ದಳು.

"ಭೂದೃಶ್ಯ" ಎಂಬ ಮಾತು ಕೇಳಿದಾಗ ನನಗೆ ಡ್ರಾಯಿಂಗ್ ಮೇಷ್ಟ್ರು ಬರೆಸುತ್ತಿದ್ದ ಚಿತ್ರ ನೆನಪಾಯಿತು. ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೊಂದು ಹೊಳೆ. ಆ ಅರ್ಥದಲ್ಲಲ್ಲ ಎಂದು ಅವಳು ತಿಳಿಸಿ ಹೇಳಿದಳು. ಮನುಷ್ಯರು ತಲೆಮಾರುಗಟ್ಟಲೆ ಬದುಕಿ, ಉತ್ತು, ಮೇಯಿಸಿ, ಪೂಜಿಸಿ, ನಡೆದು ನಡೆದು ರೂಪ ಕೊಟ್ಟ ನೆಲ ಎಂದು ಅದರ ಅರ್ಥ. ನಮ್ಮಲ್ಲಿ ಅದಕ್ಕೆ "ಸೀಮೆ" ಎಂಬ ಒಳ್ಳೆಯ ಹಳೆಯ ಮಾತಿದೆಯಲ್ಲಾ ಎಂದೆ. ಅವಳು ಅದನ್ನು ಬರೆದುಕೊಂಡಳು.

ಅಮೆರಿಕದಲ್ಲಿ ಈ ಕೆಲಸಕ್ಕೊಂದು ಪದ್ಧತಿಯೇ ಇದೆ. 1933ರಲ್ಲಿ, ಆರ್ಥಿಕ ಮುಗ್ಗಟ್ಟಿನಿಂದ ಕೆಲಸ ಕಳೆದುಕೊಂಡಿದ್ದ ವಾಸ್ತುಶಿಲ್ಪಿಗಳಿಗೆ ಕೆಲಸ ಕೊಡುವ ಸಲುವಾಗಿ ಅಲ್ಲಿನ ನ್ಯಾಷನಲ್ ಪಾರ್ಕ್ ಸರ್ವಿಸ್ ಹಳೆಯ ಕಟ್ಟಡಗಳನ್ನು ಅಳೆದು ನಕ್ಷೆ ಬರೆಸುವ ಯೋಜನೆಯನ್ನು ಆರಂಭಿಸಿತು. 1969ರಲ್ಲಿ ಸೇತುವೆ, ಕಾರ್ಖಾನೆ ಮುಂತಾದವುಗಳಿಗೆ ಎರಡನೆಯ ಯೋಜನೆ ಬಂದಿತು. 2000ದಲ್ಲಿ ನೆಲವನ್ನೇ ದಾಖಲಿಸುವ ಮೂರನೆಯದು ಸೇರಿತು. ಅಳತೆಯ ನಕ್ಷೆ, ದೊಡ್ಡ ಛಾಯಾಚಿತ್ರ, ಬರಹದ ಇತಿಹಾಸ ಎಂಬ ಮೂರು ಭಾಗಗಳಲ್ಲಿ ಸಿದ್ಧವಾಗುವ ಈ ದಾಖಲೆಗಳು ಅವರ ಲೈಬ್ರರಿ ಆಫ್ ಕಾಂಗ್ರೆಸ್ ಸೇರುತ್ತವೆ. ಬೇಸಿಗೆ ರಜೆಯಲ್ಲಿ ವಿದ್ಯಾರ್ಥಿಗಳ ತಂಡಗಳು ರಾಷ್ಟ್ರೀಯ ಉದ್ಯಾನಗಳಿಗೆ ಹೋಗಿ ಈ ಕೆಲಸ ಮಾಡುವುದು ಅಲ್ಲಿ ರೂಢಿ. ಹುಡುಗಿ ಆ ಪದ್ಧತಿಯನ್ನು ನಮ್ಮ ಮಲೆನಾಡಿಗೆ ಹೊಂದಿಸಿಕೊಂಡು ಒಂದು ನಮೂನೆ ಮಾಡಿ ತಂದಿದ್ದಳು. ನೀರು, ಗಿಡಮರ, ದಾರಿ, ಎಲ್ಲೆ, ಕಟ್ಟಡ, ನೋಟ, ಹೆಸರು ಎಂದು ಕಲಮುಗಳು. ಕೊನೆಯ ಕಲಮು ನನ್ನನ್ನು ಎಲ್ಲಿಗೆ ಕೊಂಡೊಯ್ಯುತ್ತದೆ ಎಂಬುದು ಆಗ ನನಗೆ ತಿಳಿದಿರಲಿಲ್ಲ.

ಐತಿಹಾಸಿಕ ಎಂದ ಕೂಡಲೇ ನಾನು ಮಾಡಿದ್ದು ಎಲ್ಲ ಸಮಾಜ ವಿಜ್ಞಾನದ ಮೇಷ್ಟ್ರುಗಳೂ ಮಾಡುವ ಕೆಲಸವನ್ನೇ. ಮರುದಿನ ಬೆಳಿಗ್ಗೆ ಅವಳನ್ನು ದೋಣಿಗಾಲಿನ ಹತ್ತಿರದ ಮಂಜರಾಬಾದ್ ಕೋಟೆಗೆ ಕರೆದುಕೊಂಡು ಹೋದೆ. ನಿಮ್ಮಲ್ಲಿ ಅನೇಕರನ್ನು ನಾನೇ ಸಾಲಾಗಿ ನಿಲ್ಲಿಸಿಕೊಂಡು ಆ ಮೆಟ್ಟಿಲುಗಳನ್ನು ಹತ್ತಿಸಿದ್ದೇನೆ. 1792ರಲ್ಲಿ ಟಿಪ್ಪು ಸುಲ್ತಾನನು ಕಟ್ಟಿಸಿದ ಎಂಟು ಮೂಲೆಗಳ ನಕ್ಷತ್ರಾಕಾರದ ಕೋಟೆ. ಫ್ರಾನ್ಸಿನ ಸೇನಾ ಎಂಜಿನಿಯರ್ ವೋಬಾನನ ಹೆಸರಿನೊಂದಿಗೆ ಬೆಸೆದುಕೊಂಡ ಮಾದರಿ. ಗೋಡೆಯ ಬುಡಕ್ಕೆ ಬಂದ ಶತ್ರು ಯಾವುದಾದರೊಂದು ಕೊತ್ತಳದ ಕಣ್ಣಿಗೆ ಬಿದ್ದೇ ತೀರಬೇಕು ಎಂಬುದು ಆ ಆಕಾರದ ಗುಟ್ಟು. ಕೋಟೆ ಮುಗಿದ ಮೇಲೆ ಸುಲ್ತಾನನು ನೋಡಲು ಬಂದಾಗ ಸುತ್ತಲೂ ಮಂಜು ಕವಿದಿತ್ತಂತೆ, ಅದರಿಂದಲೇ ಮಂಜರಾಬಾದ್ ಎಂಬ ಹೆಸರು ಎಂದು ಜನ ಹೇಳುವುದನ್ನು ನಾನೂ ಮೂವತ್ತು ವರ್ಷ ಹೇಳಿದೆ.

ಹುಡುಗಿ ಎಲ್ಲವನ್ನೂ ವಿನಯದಿಂದ ಕೇಳಿಸಿಕೊಂಡು, ಕೋಟೆಗೆ ಬೆನ್ನು ಹಾಕಿ ನಿಂತಳು. ಕೆಳಗಿನ ಇಳಿಜಾರನ್ನು ನೋಡುತ್ತಾ ಒಂದೊಂದೇ ಪ್ರಶ್ನೆ. ಈ ಗುಡ್ಡದ ಮೇಲೆ ಮರಗಳು ಏಕಿಲ್ಲ? ಕೋಟೆ ಕಟ್ಟುವಾಗ ಕಡಿದರೇ, ಮೊದಲೇ ಇರಲಿಲ್ಲವೇ? ಇಲ್ಲಿದ್ದ ಸಿಪಾಯಿಗಳಿಗೆ ಅಕ್ಕಿ ಯಾವ ಗದ್ದೆಯಿಂದ ಬರುತ್ತಿತ್ತು? ಸುಣ್ಣ ಯಾವ ದಾರಿಯಲ್ಲಿ ಬಂತು? ಘಟ್ಟದ ಕೆಳಗಿನಿಂದ ಉಪ್ಪು ಹೊತ್ತ ಎತ್ತುಗಳು ಎಲ್ಲಿ ತಂಗುತ್ತಿದ್ದವು? ನನಗೆ ಒಂದಕ್ಕೂ ಉತ್ತರ ತಿಳಿದಿರಲಿಲ್ಲ. "ಕೋಟೆಯ ನಕ್ಷೆ ಎಲ್ಲರ ಹತ್ತಿರಾನೂ ಇದೆ ಸರ್, ಈಗಂತೂ ಡ್ರೋನ್ ಚಿತ್ರಗಳೇ ಬೇಕಾದಷ್ಟಿವೆ. ಸುತ್ತಲಿನ ನೆಲದ ಬಗ್ಗೆ ಯಾರೂ ಬರೆದಿಲ್ಲ" ಎಂದಳು. ಮೂವತ್ತು ವರ್ಷ ಆ ಮೆಟ್ಟಿಲು ಹತ್ತಿ ಇಳಿದವನು ನಾನು!

ಅಲ್ಲಿಂದ ಮುಂದೆ ನಾವು ಕೋಟೆ ಗುಡಿಗಳನ್ನು ಹುಡುಕಿಕೊಂಡು ಹೋಗಲಿಲ್ಲ. ಹೆತ್ತೂರು, ಯಸಳೂರು, ಹಾನುಬಾಳು ಹೋಬಳಿಗಳಲ್ಲಿಯೂ ಆಲೂರಿನ ಕೆಂಚಮ್ಮನ ಹೊಸಕೋಟೆಯ ಕಡೆಯೂ ವಾರಕ್ಕೆ ಮೂರು ದಿನ ನಡೆದೆವು. ಅವಳ ಬಳಿ ಟೇಪು, ಮೊಬೈಲಿನಲ್ಲಿ ಜಿಪಿಎಸ್, ಸರ್ವೆ ಇಲಾಖೆಯಿಂದ ಪಡೆದ ಗ್ರಾಮ ನಕ್ಷೆ. ನನ್ನ ಬಳಿ ಕೊಡೆ ಮತ್ತು ಇಂಬಳಕ್ಕೆಂದು ಹೊಗೆಸೊಪ್ಪಿನ ಪುಡಿ. ಏಪ್ರಿಲ್ ಎಂದರೂ ಒಂದೆರಡು ಮಳೆ ಬಿದ್ದಿದ್ದ ಕಡೆ ಇಂಬಳ ಎದ್ದಿದ್ದವು.

ಈ ಸೀಮೆಯ ಇತಿಹಾಸವನ್ನು ಸ್ವಲ್ಪ ನೆನಪಿಸಿಕೊಳ್ಳುವುದು ಒಳ್ಳೆಯದು. ಪಠ್ಯಪುಸ್ತಕದಲ್ಲಿ ಇದಿಲ್ಲ. ಇಂದಿನ ಸಕಲೇಶಪುರ ತಾಲ್ಲೂಕು ಮತ್ತು ಸುತ್ತಲಿನ ಪ್ರದೇಶ ಹಿಂದೆ ಬಲಂ ಸೀಮೆಯಾಗಿತ್ತು. ವಿಜಯನಗರದ ಕಾಲದಿಂದ ಬೇಲೂರಿನ ನಾಯಕರು ಇದನ್ನು ಆಳುತ್ತಿದ್ದರು. ಅವರ ಪ್ರಾಬಲ್ಯ ಕುಂದಿದ ಮೇಲೆ ವಂಶಜರು ಐಗೂರಿನಲ್ಲಿ ಉಳಿದುಕೊಂಡರು. ಶ್ರೀರಂಗಪಟ್ಟಣ 1799ರಲ್ಲಿ ಬಿದ್ದ ಮೇಲೆ ಐಗೂರಿನ ಪಾಳೆಯಗಾರ ವೆಂಕಟಾದ್ರಿ ನಾಯಕನು ಕಂಪನಿಗೆ ತಲೆಬಾಗಲಿಲ್ಲ. ಮೂರು ವರ್ಷ ಅವನನ್ನು ಕಾಪಾಡಿದ್ದು ಕಲ್ಲಿನ ಕೋಟೆಯಲ್ಲ, ಕಾಡು. 1802ರ ಜನವರಿಯಲ್ಲಿ ಆರ್ಥರ್ ವೆಲ್ಲೆಸ್ಲಿ ಸೈನ್ಯದೊಡನೆ ಬಂದು ಅರೆಕೆರೆಯ ಕಾಡಿನೊಳಗಿನ ನೆಲೆಯನ್ನು ಮುರಿದ. ಕೆಲವೇ ವಾರಗಳಲ್ಲಿ ನಾಯಕನನ್ನು ಹಿಡಿದು ಗಲ್ಲಿಗೇರಿಸಲಾಯಿತು. 1815ರಲ್ಲಿ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್ ಎಂದು ನೀವು ಓದಿದ್ದೀರಲ್ಲ, ಇವನೇ ಅವನು. ಕಾಡಿನ ನಡುವೆ ದಾರಿ ಕಡಿಸಿ, ಹಳ್ಳಿಗಳನ್ನು ಬಯಲಿಗೆ ತೆರೆದರೆ ದಂಗೆ ಅಡಗುತ್ತದೆ ಎಂಬುದು ಅವನ ಉಪಾಯ. ಎಂದರೆ, ನಮ್ಮ ಸೀಮೆಯ ಸೋಲು ನೆಲದ ಮೇಲೆ ದಾರಿಗಳ ರೂಪದಲ್ಲಿ ಬರೆಯಲ್ಪಟ್ಟಿದೆ.

ಹೆತ್ತೂರು ಹೋಬಳಿಯ ಒಂದು ಊರಿನಲ್ಲಿ ಕಾಫಿ ತೋಟದ ಅಂಚಿಗೆ ಆಳೆತ್ತರದ ಮಣ್ಣಿನ ದಿಣ್ಣೆಯೊಂದು ಹಾವಿನಂತೆ ಹರಿದಿದೆ. ಪಕ್ಕದಲ್ಲಿ ಅರ್ಧ ಮುಚ್ಚಿಹೋದ ಅಗಳು. ತೋಟದ ಯಜಮಾನರು ಅದು ಯಾರೋ ದನ ತಡೆಯಲು ಹಾಕಿದ ಅಗಳು ಎಂದರು. ಆದರೆ ಅದರ ಪಕ್ಕದ ಗದ್ದೆಗೆ ಅವರ ಮನೆಯಲ್ಲಿ ಇಂದಿಗೂ "ಉಕ್ಕಡದ ಗದ್ದೆ" ಎಂದೇ ಹೆಸರು. ಉಕ್ಕಡವೆಂದರೆ ಊರಿನ ಬಾಗಿಲಲ್ಲಿ ಕಾವಲಿಗೆಂದು ಮಾಡಿದ ಠಾಣೆ. ಹೆಸರನ್ನು ದಿನಾ ಹೇಳುತ್ತಾರೆ, ಅರ್ಥ ಮರೆತುಹೋಗಿದೆ. ಹುಡುಗಿ ದಿಣ್ಣೆಯ ಉದ್ದಕ್ಕೂ ಟೇಪು ಹಿಡಿದು ಅಳೆದಳು. ಅದು ಯಾವ ಶತಮಾನದ್ದು ಎಂದು ಹೇಳುವ ಅಧಿಕಾರ ನನಗಿಲ್ಲ. ದನ ತಡೆಯುವ ಅಗಳಿಗೆ ಯಾರೂ ಉಕ್ಕಡವೆನ್ನುವುದಿಲ್ಲ ಎಂದಷ್ಟೇ ಹೇಳಬಲ್ಲೆ.

ಇನ್ನೊಂದು ದಿನ ಬಿಸಿಲೆಯ ಕಡೆ ಮಂಕನಹಳ್ಳಿಯ ಏಣಿನ ಮೇಲೆ ನಿಂತೆವು. ಅಲ್ಲೊಂದು ಹಳೆಯ ಕಲ್ಲಿದೆ. ಒಂದು ಬದಿಗೆ ಅರಬ್ಬೀ ಸಮುದ್ರ, ಇನ್ನೊಂದು ಬದಿಗೆ ಬಂಗಾಳ ಕೊಲ್ಲಿ ಎಂದು ಇಂಗ್ಲಿಷಿನಲ್ಲಿ ಕೆತ್ತಿದೆ. ಈ ಏಣಿನ ಪಡುವಲಿಗೆ ಬಿದ್ದ ಹನಿ ಕುಮಾರಧಾರೆ, ನೇತ್ರಾವತಿಗಳ ಮೂಲಕ ಮಂಗಳೂರಿಗೆ. ಮೂಡಲಿಗೆ ಬಿದ್ದದ್ದು ಹೇಮಾವತಿ, ಕಾವೇರಿಗಳ ಮೂಲಕ ತಮಿಳುನಾಡಿಗೆ. ಭೂಗೋಳದ ಪಾಠದಲ್ಲಿ "ಜಲವಿಭಾಜಕ" ಎಂದು ನಾನು ಕಪ್ಪು ಹಲಗೆಯ ಮೇಲೆ ಗೆರೆ ಎಳೆದು ತೋರಿಸುತ್ತಿದ್ದೆ. ಆ ಗೆರೆ ನಮ್ಮ ಶಾಲೆಯಿಂದ ಬಸ್ಸಿನಲ್ಲಿ ಹೋಗಿ ಕಾಲಿಡಬಹುದಾದಷ್ಟು ಹತ್ತಿರದಲ್ಲಿತ್ತು! ಪಡುವಲಿಗೆ ಹರಿಯುವ ಆ ನೀರನ್ನೇ ಮೂಡಲಿಗೆ ಎತ್ತುವ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಉದ್ಘಾಟನೆಯಾಯಿತು. ಒಟ್ಟು 24.01 ಟಿಎಂಸಿ ಅಡಿ ನೀರಿನ ಲೆಕ್ಕ. ಬಯಲುಸೀಮೆಯ ಜನರ ಬಾಯಾರಿಕೆ ಸುಳ್ಳಲ್ಲ, ನನ್ನ ಷಡ್ಡಕರ ಮನೆಯೇ ಕೋಲಾರದ ಕಡೆ ಇದೆ. ಆದರೂ ಆ ಕಲ್ಲು ಈಗ ಹೇಳುವುದು ಪೂರ್ತಿ ಸತ್ಯವಲ್ಲ ಎಂದು ಹುಡುಗಿ ನಕ್ಕಾಗ ನನಗೆ ನಗು ಬರಲಿಲ್ಲ.

ಕಾಫಿಯ ವಿಷಯವನ್ನು ನಾನು ಹಿಂದೊಮ್ಮೆ ಬರೆದಿರುವುದರಿಂದ ಇಲ್ಲಿ ಹೆಚ್ಚು ಹೇಳುವುದಿಲ್ಲ. 1843ರಲ್ಲಿ ಗ್ರೀನ್ ಎಂಬ ಇಂಗ್ಲಿಷರವನು ದಕ್ಷಿಣ ಮಂಜರಾಬಾದಿನಲ್ಲಿ ತೋಟ ತೆರೆದ. 1850ರ ದಶಕದ ನಡುವಿನಲ್ಲಿ ಬಂದ ರಾಬರ್ಟ್ ಎಲಿಯಟ್ ಇಲ್ಲಿಯೇ ನೆಲಸಿ, 1871ರಲ್ಲೂ 1894ರಲ್ಲೂ ಪುಸ್ತಕಗಳನ್ನು ಪ್ರಕಟಿಸಿದ. ಕಾಡನ್ನು ಬೋಳಿಸಿ ಬಿಸಿಲಿಗೆ ಗಿಡ ಹಾಕಿದವರು ಕಾಂಡಕೊರಕದ ಕಾಟದಿಂದ ಕೈ ಸುಟ್ಟುಕೊಂಡ ಮೇಲೆ, ನೆರಳಿನ ಮರಗಳ ಕೆಳಗೇ ಕಾಫಿ ಬೆಳೆಯಬೇಕೆಂದು ಬಲವಾಗಿ ವಾದಿಸಿದವರಲ್ಲಿ ಅವನೂ ಒಬ್ಬ. ನಮ್ಮ ತೋಟಗಳಲ್ಲಿ ಇಂದಿಗೂ ಅತ್ತಿ, ಬಸುರಿ, ಹಲಸು, ನಂದಿ ಮರಗಳು ಉಳಿದಿರುವುದಕ್ಕೆ ಈ ಅನುಭವವೂ ಒಂದು ಕಾರಣ. ಆದ್ದರಿಂದ ನಮ್ಮ ತೋಟ ಪೂರ್ತಿ ಕಾಡಲ್ಲ, ಪೂರ್ತಿ ತೋಟವೂ ಅಲ್ಲ; ಅದು ಒಂದು ನಷ್ಟದಿಂದ ಕಲಿತ ಪಾಠದ ಗುರುತು.

ನಮ್ಮನ್ನು ಬಹಳ ಕಾಡಿದ್ದು ಹುಲ್ಲುಬೆಟ್ಟಗಳು. ಗ್ರಾಮ ನಕ್ಷೆಯಲ್ಲಿ ಅವು ಬಹುಮಟ್ಟಿಗೆ ಖರಾಬು, ಗೋಮಾಳ, ಇಲ್ಲವೆ ಸರ್ಕಾರಿ ಬೀಳು. ನಕ್ಷೆ ನೋಡಿದವರಿಗೆ ಅದು ಯಾರದೂ ಅಲ್ಲದ, ಯಾವುದಕ್ಕೂ ಬಾರದ ನೆಲ. ಊರಿನ ಮುದುಕರನ್ನು ಕೇಳಿದರೆ ಕಥೆಯೇ ಬೇರೆ. ಈ ತಪ್ಪಲು ಇಂಥ ಊರಿನ ದನಗಳಿಗೆ, ಆ ತಪ್ಪಲು ಪಕ್ಕದೂರಿನವರಿಗೆ. ಈ ಜಾಗದ ಹುಲ್ಲು ಮನೆಗೆ ಹೊದಿಸಲು, ಅಲ್ಲಿನ ಸೊಪ್ಪು ಕೊಟ್ಟಿಗೆಗೆ. ಇಂಥ ತಿಂಗಳಲ್ಲಿ ಬೆಂಕಿ ಕೊಡಬೇಕು, ಇಂಥ ಕಡೆ ಕೊಡಬಾರದು. ಸುಗ್ಗಿಹಬ್ಬದ ಸಾರು ಹಾಕಿದ ಮೇಲೆ ಹಬ್ಬ ಮುಗಿಯುವವರೆಗೆ ಹಸಿ ಮರಕ್ಕೆ ಕತ್ತಿ ಮುಟ್ಟಿಸುವಂತಿಲ್ಲ ಎಂಬ ಕಟ್ಟುಪಾಡು ನಮ್ಮ ಚಿಕ್ಕಂದಿನಲ್ಲಿ ಎಷ್ಟು ಬಿಗಿಯಾಗಿತ್ತೆಂದರೆ, ನನ್ನ ಸೋದರಮಾವನೊಬ್ಬ ಹಲ್ಲುಜ್ಜಲು ಕಡ್ಡಿ ಮುರಿದದ್ದಕ್ಕೆ ದೇವರಿಗೆ ತಪ್ಪುಕಾಣಿಕೆ ಕಟ್ಟಿದ್ದ. ಇದೆಲ್ಲ ನಕ್ಷೆಯಲ್ಲಿಲ್ಲ. ಖರಾಬು ಎಂಬ ಒಂದು ಪದ ಇಷ್ಟನ್ನೂ ಒರೆಸಿಹಾಕಿದೆ. ಹೀಗೆ ಒರೆಸಿದ್ದರಿಂದಲೇ ಆಮೇಲೆ ಅದೇ ಬೆಟ್ಟಗಳ ಮೇಲೆ ಅಕೇಶಿಯ ನೆಡುವುದು ಸುಲಭವಾಯಿತು ಎಂಬುದು ನನ್ನ ಅಭಿಪ್ರಾಯ. ಒಪ್ಪದವರು ಬರೆದು ತಿಳಿಸಬಹುದು.

ಹಳೆಯ ಸರ್ಕಾರಗಳಿಗೆ ಇದು ತಿಳಿದೇ ಇರಲಿಲ್ಲವೆಂದಲ್ಲ. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬದ ಕಾನುಗಳ ಬಗ್ಗೆ ವರದಿ ಬರೆದರು. ಊರವರು ಕಾಪಾಡಿಕೊಂಡು, ಮೆಣಸು ಬೈನೆಗಳನ್ನು ಪಡೆಯುತ್ತಿದ್ದ ಕಾಡುಗಳವು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯೂ ಕುಮ್ಕಿ, ಬಾಣೆ, ಕಾನು, ಸೊಪ್ಪಿನಬೆಟ್ಟಗಳ ಹೆಸರು ಹಿಡಿದು ಆ ಸೌಲಭ್ಯಗಳು ಮುಂದುವರಿಯುತ್ತವೆ ಎಂದಿದೆ. ಹೆಸರಿದ್ದಲ್ಲಿ ಹಕ್ಕು ಉಳಿಯಿತು. ಹೆಸರು ಬರೆಯದಿದ್ದಲ್ಲಿ ಖರಾಬಾಯಿತು.

ಹೊರಗಿನ ಜಗತ್ತಿನಲ್ಲಿಯೂ ಇದೇ ತೊಡಕು ಇತ್ತೆಂದು ಹುಡುಗಿಯಿಂದ ತಿಳಿಯಿತು. ನ್ಯೂಜಿಲೆಂಡಿನ ಟೊಂಗಾರಿರೋ ರಾಷ್ಟ್ರೀಯ ಉದ್ಯಾನದ ಅಗ್ನಿಪರ್ವತಗಳು ಮಾವೊರಿ ಜನರಿಗೆ ಪವಿತ್ರ. ಅವರ ಮುಖಂಡರು 1887ರಲ್ಲಿ ಆ ಶಿಖರಗಳನ್ನು ಕಾಪಾಡಲೆಂದು ಸರ್ಕಾರದ ವಶಕ್ಕೆ ಕೊಟ್ಟರು. ಯುನೆಸ್ಕೋ 1990ರಲ್ಲಿ ಅದನ್ನು ಕೇವಲ ಪ್ರಕೃತಿಯ ತಾಣವೆಂದು ಪಟ್ಟಿಗೆ ಸೇರಿಸಿತು. 1992ರಲ್ಲಿ ನಿಯಮ ತಿದ್ದಿದ ಮೇಲೆ, 1993ರಲ್ಲಿ, ಮನುಷ್ಯರೊಡನೆ ಆ ನೆಲಕ್ಕಿರುವ ಸಂಬಂಧವನ್ನೂ ಸೇರಿಸಿ ಮತ್ತೊಮ್ಮೆ ಪಟ್ಟಿ ಮಾಡಿತು. ನಮ್ಮ ಸಿಕ್ಕಿಮಿನ ಕಾಂಚನಜುಂಗಾ ರಾಷ್ಟ್ರೀಯ ಉದ್ಯಾನವೂ 2016ರಲ್ಲಿ ಪ್ರಕೃತಿ, ಸಂಸ್ಕೃತಿ ಎರಡರ ಲೆಕ್ಕದಲ್ಲಿಯೂ ಸೇರಿದೆ. ನಮ್ಮ ಪಶ್ಚಿಮಘಟ್ಟವೋ? 2012ರಲ್ಲಿ 39 ತಾಣಗಳು ಪಟ್ಟಿಗೆ ಬಂದವು, ಅವುಗಳಲ್ಲಿ 10 ಕರ್ನಾಟಕದವು. ನಮ್ಮ ಬಡಗಲಿಗೆ ಕುದುರೆಮುಖ, ತೆಂಕಲಿಗೆ ಪುಷ್ಪಗಿರಿ. ಎಲ್ಲವೂ ಪ್ರಕೃತಿಯ ಲೆಕ್ಕಕ್ಕೆ ಮಾತ್ರ. ಗಿಡ, ಕಪ್ಪೆ, ಹಕ್ಕಿಗಳಿಗೆ ಪಟ್ಟಿಯಲ್ಲಿ ಜಾಗ ಸಿಕ್ಕಿದ್ದು ಸಂತೋಷವೇ. ಆದರೆ ಆ ಬೆಟ್ಟಗಳಿಗೆ ಹೆಸರಿಟ್ಟವರಿಗೆ ಅಲ್ಲಿ ಜಾಗವಿಲ್ಲ.

ಮೇ ತಿಂಗಳಲ್ಲಿ ಒಂದು ದಿನ ನನ್ನ ಒತ್ತಾಯಕ್ಕೆ ಆಲೂರಿನ ಕಡೆ ಹೇಮಾವತಿಯ ಹಿನ್ನೀರಿಗೆ ಹೋದೆವು. ಗೊರೂರಿನ ಅಣೆಕಟ್ಟು ಮುಗಿದದ್ದು 1979ರಲ್ಲಿ. 37 ಟಿಎಂಸಿ ಅಡಿ ನೀರು ನಿಲ್ಲಲು ನೆಲ ಬೇಕಲ್ಲ, ಆ ನೆಲದಲ್ಲಿ ನನ್ನ ತಾಯಿಯ ತವರೂ ಸೇರಿತ್ತು. ನಾನು ಆಗ ಕಾಲೇಜಿನಲ್ಲಿದ್ದೆ. 2023ರ ಮಳೆ ಕೈಕೊಟ್ಟಿದ್ದರಿಂದ 2024ರ ಬೇಸಿಗೆಯಲ್ಲಿ ನೀರು ಬಹಳ ಕೆಳಗಿಳಿದಿತ್ತು. ಬಿರಿದ ಕೆಸರಿನಲ್ಲಿ ನಡೆದು ಹೋದೆ. ಬಾವಿಯ ಕಟ್ಟೆಯ ಕಲ್ಲುಗಳು, ತೆಂಗಿನ ಮೋಟುಗಳ ಒಂದು ಸಾಲು, ಒರಳುಕಲ್ಲಿನ ಒಂದು ಹೋಳು. ಕಣ ಇದ್ದ ಜಾಗವನ್ನು ಗುರುತಿಸಿದೆ, ಏಕೆಂದರೆ ಅಲ್ಲಿಂದ ಗುಡ್ಡದ ನೆತ್ತಿ ಹೇಗೆ ಕಾಣುತ್ತಿತ್ತೆಂದು ನೆನಪಿತ್ತು. ಹುಡುಗಿ ನಮೂನೆಯ ಹಾಳೆ ತೆಗೆದಳು. ನೀರು, ದಾರಿ, ಕಟ್ಟಡ, ನೋಟ ಎಲ್ಲ ತುಂಬಿದಳು. ಕೊನೆಗೆ "ಗದ್ದೆಗಳ ಹೆಸರು ಹೇಳಿ ಸರ್" ಎಂದಳು.

ನಮ್ಮಜ್ಜನಿಗೆ ಅಲ್ಲಿ ಏಳೆಂಟು ತಾಕುಗಳಿದ್ದವು. ಪ್ರತಿಯೊಂದಕ್ಕೂ ಹೆಸರಿತ್ತು. ಬೇಸಿಗೆ ರಜೆಯಲ್ಲಿ ಬುತ್ತಿ ಹೊತ್ತುಕೊಂಡು "ಇಂಥ ಗದ್ದೆಗೆ ಹೋಗಿ ಕೊಟ್ಟು ಬಾ" ಎಂದು ಅಜ್ಜಿ ಕಳಿಸುತ್ತಿದ್ದಳು. ನನಗೆ ಎರಡು ಹೆಸರು ಮಾತ್ರ ನೆನಪಿಗೆ ಬಂದವು. ಮಾಸ್ತಿಗದ್ದೆ, ದೊಡ್ಡಕೊಡಗಿ. ಮಾಸ್ತಿಕಲ್ಲು ಇದ್ದ ಗದ್ದೆ ಒಂದು. ಕೆರೆಯ ಸೇವೆಗೋ ಯುದ್ಧದಲ್ಲಿ ಸತ್ತವನ ಮನೆಗೋ ಬಿಟ್ಟ ಕೊಡಗಿ ಭೂಮಿ ಇನ್ನೊಂದು. ಹಾಸನ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು 1902ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಐದನೆಯ ಸಂಪುಟವಾಗಿ ಅಚ್ಚು ಹಾಕಿಸಿದರು. ಅದರಲ್ಲಿ ಹೊಕ್ಕು ನೋಡಿದರೆ ಕೊಡಗಿ ದಾನಗಳು ಬೇಕಾದಷ್ಟು ಸಿಗುತ್ತವೆ. ಕಲ್ಲಿನ ಮೇಲೆ ಬರೆದದ್ದು ಪುಸ್ತಕಕ್ಕೆ ಬಂತು. ನಾಲಗೆಯ ಮೇಲಿದ್ದದ್ದು ಬರಲಿಲ್ಲ. ಮಿಕ್ಕ ಐದಾರು ಹೆಸರುಗಳನ್ನು ಹೇಳಬಲ್ಲವರು ಈಗ ಯಾರೂ ಇಲ್ಲ. ನಾನು ಬಹಳ ಹೊತ್ತು ಆ ಕೆಸರಿನಲ್ಲಿ ನಿಂತಿದ್ದೆ.

ಈಗ ನನ್ನ ತಪ್ಪಿನ ವಿಷಯ.

1991ರಲ್ಲಿ ನನಗೆ ಒಂಬತ್ತನೆಯ ತರಗತಿಯ ಹೊಣೆ ಇತ್ತು. ಬಿ.ಎಡ್.ನಲ್ಲಿ ಕಲಿತ "ಯೋಜನಾ ವಿಧಾನ"ದ ಹುರುಪು ಇನ್ನೂ ಆರಿರಲಿಲ್ಲ. ಆ ವರ್ಷ ದಸರಾ ರಜೆಗೆ ಮಕ್ಕಳಿಗೆ ಒಂದು ಕೆಲಸ ಹೇಳಿದೆ. ಮನೆಯ ಹಿರಿಯರನ್ನು ಕೇಳಿ, ನಿಮ್ಮೂರಿನ ಗದ್ದೆ, ಹಕ್ಕಲು, ಕೆರೆ, ಹಳ್ಳ, ಬಂಡೆ, ದಾರಿ, ಬನ ಎಲ್ಲದರ ಹೆಸರನ್ನೂ ಬರೆದುಕೊಂಡು ಬನ್ನಿ, ಹೆಸರು ಏಕೆ ಬಂತೆಂದು ಗೊತ್ತಿದ್ದರೆ ಅದನ್ನೂ ಬರೆಯಿರಿ. 43 ಮಕ್ಕಳು, 42 ನೋಟ್‌ಬುಕ್. ಈ ಬರಹ ಓದುತ್ತಿರುವ ನಿಮ್ಮಲ್ಲಿ ಕೆಲವರಾದರೂ ಅದನ್ನು ಬರೆದವರೇ. ಅಂಕ ಹಾಕಿ, ಹುರಿಯಲ್ಲಿ ಕಟ್ಟಿ, ಮನೆಯ ಅಟ್ಟದ ಮೇಲಿಟ್ಟೆ. ಒಂದು ದಿನ ಪುಸ್ತಕ ಮಾಡಬೇಕೆಂಬ ಆಸೆ. 2004ರಲ್ಲಿ ಮನೆ ಬದಲಿಸುವಾಗ ಗೆದ್ದಲು ಹತ್ತಿದ ಒಂದೆರಡನ್ನು ಕಂಡು, ಬೇಸರದಲ್ಲಿ, ಅಷ್ಟನ್ನೂ ಹಳೆಯ ವೃತ್ತಪತ್ರಿಕೆಗಳ ಜೊತೆ ತೂಕಕ್ಕೆ ಹಾಕಿದೆ. ಯಾರೂ ಹೇಳಲಿಲ್ಲ, ಯಾರೂ ಒತ್ತಾಯ ಮಾಡಲಿಲ್ಲ. ನಾನೇ ಹಾಕಿದೆ. ಬಂದ ಹಣದಲ್ಲಿ ಬಾಳೆಹಣ್ಣು ಕೊಂಡ ನೆನಪಿದೆ.

ಆ ಮಕ್ಕಳು ಕೇಳಿ ಬರೆದುಕೊಂಡ ಹಿರಿಯರಲ್ಲಿ ಹೆಚ್ಚಿನವರು 1991ರಲ್ಲಿಯೇ ಎಪ್ಪತ್ತು ದಾಟಿದವರು. ಹತ್ತೊಂಬತ್ತನೆಯ ಶತಮಾನದಲ್ಲಿ ಹುಟ್ಟಿದವರಿಂದ ಮಾತು ಕೇಳಿ ಬೆಳೆದವರು. ಆ ಬಾಗಿಲು ಇನ್ನು ತೆರೆಯುವುದಿಲ್ಲ.

ಹಿನ್ನೀರಿನಿಂದ ಹಿಂತಿರುಗುವಾಗ ಜೀಪಿನಲ್ಲಿ ಇದನ್ನು ಹುಡುಗಿಗೆ ಹೇಳಿದೆ. ಅವಳು ಮಾತಾಡಲಿಲ್ಲ. ಮನೆ ತಲುಪಿದ ಮೇಲೆ ಚೀಲದಿಂದ ಒಂದು ಹಳೆಯ ನೋಟ್‌ಬುಕ್ ತೆಗೆದು ಕೈಗಿಟ್ಟಳು. ಅವಳ ಅಜ್ಜಿಯ ಟ್ರಂಕಿನಲ್ಲಿ, ಮದುವೆ ಪತ್ರಿಕೆಗಳ ನಡುವೆ ಸಿಕ್ಕಿತಂತೆ. "ಇದನ್ನು ನೋಡಿಯೇ ನಾನು ನಿಮ್ಮ ಹತ್ತಿರ ಬಂದಿದ್ದು ಸರ್. ಮೊದಲೇ ತೋರಿಸಿದರೆ ನಿಮಗೆ ಬೇಜಾರಾಗುತ್ತೆ ಅಂತ ಅಪ್ಪ ಬೇಡ ಅಂದಿದ್ದರು" ಎಂದಳು. ಮೊದಲ ಪುಟದಲ್ಲಿ ಕೆಂಪು ಶಾಯಿಯ ನನ್ನ ಅಕ್ಷರ: "ಅಕ್ಷರ ಅಂದವಾಗಿಲ್ಲ. ತಿರುಗಿ ಬರೆದು ತಾ." ಆ ಹುಡುಗ ತಿರುಗಿ ಬರೆಯಲಿಲ್ಲ, ಹಿಂದಕ್ಕೂ ಕೊಡಲಿಲ್ಲ. 43ನೆಯ ನೋಟ್‌ಬುಕ್ ಉಳಿದದ್ದು ಹಾಗೆ.

ಅದರಲ್ಲಿ 31 ಹೆಸರುಗಳಿವೆ. ದಂಡಿನ ದಾರಿ. ಹೇರೆತ್ತಿನ ಕಟ್ಟೆ. ಹುಲಿ ಮಲಗಿದ ಬಂಡೆ. ಚೌಡಿಬನ. ಹೆಣ ಇಳಿಸುವ ಕಲ್ಲು. ಸೂಲಗಿತ್ತಿಗದ್ದೆ, ಇದರ ಮುಂದೆ ಸೊಟ್ಟ ಅಕ್ಷರದಲ್ಲಿ "ಗೌಡರ ಮನೆಯಲ್ಲಿ ಹೆರಿಗೆ ಮಾಡಿಸಿದ ಅಜ್ಜಿಗೆ ಕೊಟ್ಟಿದ್ದು, ಅವಳ ಮಕ್ಕಳಿಗೆ ಈಗ ಇಲ್ಲ" ಎಂದು ಬರೆದಿದ್ದಾನೆ. ಹದಿನಾಲ್ಕು ವರ್ಷದ ಹುಡುಗ ಬರೆದ ಆ ಒಂದು ಸಾಲಿನಲ್ಲಿರುವಷ್ಟು ಇತಿಹಾಸ ನಾನು ಆ ವರ್ಷ ಮಾಡಿದ ಪಾಠಗಳಲ್ಲಿತ್ತೋ ಇಲ್ಲವೋ ಕಾಣೆ. ನಾನು ನೋಡಿದ್ದು ಅಕ್ಷರವನ್ನು ಮಾತ್ರ.

ನೋಟ್‌ಬುಕ್ ಹಿಡಿದುಕೊಂಡು ಅವರ ಊರಿನಲ್ಲಿ ಎರಡು ದಿನ ಸುತ್ತಿದೆವು. 31ರಲ್ಲಿ 19 ಜಾಗಗಳನ್ನು ಗುರುತಿಸಲು ಸಾಧ್ಯವಾಯಿತು. ಅವುಗಳಲ್ಲಿ ಬಹುಪಾಲನ್ನು ತೋರಿಸಿಕೊಟ್ಟವರು ತೊಂಬತ್ತರ ಹತ್ತಿರದ ಒಬ್ಬ ಅಜ್ಜಿ. ಚೌಡಿಬನದ ಮುಂದೆ ಕುಳಿತು, ಚಪ್ಪಲಿ ಬಿಟ್ಟು ಬಾ ಎಂದು ನನ್ನನ್ನು ಗದರಿಸಿ, ಹುಡುಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡರು. "ಇದ್ನೆಲ್ಲಾ ಬರ್ಕೊಂಡು ಏನ್ ಮಾಡ್ತೀಯವ್ವ, ಗದ್ದೆ ಯಾರ್ ಉಳ್ತಾರೆ ಈಗ?" ಎಂದರು. ನಿಜವೇ. ಆ ಕಣಿವೆಯ ಗದ್ದೆಗಳಲ್ಲಿ ಅರ್ಧಕ್ಕೆ ಶುಂಠಿ ಬಂದಿದೆ, ಮಿಕ್ಕದ್ದು ಆನೆಗಳಿಗೆ ಹೆದರಿ ಪಾಳು ಬಿದ್ದಿದೆ. 2014ರಲ್ಲಿ ಆಲೂರು, ಸಕಲೇಶಪುರದ ಕಡೆಯಿಂದ 22 ಆನೆಗಳನ್ನು ಹಿಡಿದು ಸಾಗಿಸಿದರೂ ಆನೆಗಳ ಓಡಾಟ ನಿಲ್ಲಲಿಲ್ಲವೆಂಬುದು ನಿಮಗೆಲ್ಲ ತಿಳಿದೇ ಇದೆ. ಅಜ್ಜಿ ಹಾಗೆ ಕೇಳಿದರೂ, ನೋಟ್‌ಬುಕ್ಕಿನಲ್ಲಿಲ್ಲದ ಹನ್ನೊಂದು ಹೆಸರುಗಳನ್ನು ತಾವಾಗಿಯೇ ಹೇಳಿದರು. ಆ ವರ್ಷದ ಕಾರ್ತಿಕದಲ್ಲಿ ಅವರು ತೀರಿಕೊಂಡರು.

ಬರೆದುಕೊಂಡು ಏನು ಮಾಡುವುದು ಎಂಬ ಪ್ರಶ್ನೆಗೆ ಒಂದು ಉತ್ತರ ಕಾನೂನಿನಲ್ಲಿಯೂ ಇದೆ. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳು ಕಾಗದಪತ್ರಗಳನ್ನು ಮಾತ್ರವಲ್ಲದೆ ಬದು, ಬಾವಿ, ಸ್ಮಶಾನ, ದೇವರಬನ, ಮೇವಿನ ಜಾಗಗಳನ್ನೂ, ಹಿರಿಯರ ಬರೆದಿಟ್ಟ ಹೇಳಿಕೆಯನ್ನೂ ಸಾಕ್ಷ್ಯವೆಂದು ಒಪ್ಪುತ್ತವೆ. ಬುಡಕಟ್ಟಿನವರಲ್ಲದ ಕಾಡಿನಂಚಿನ ಜನರಾದರೆ, 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಎಂದರೆ 75 ವರ್ಷ, ಅಲ್ಲಿ ನೆಲಸಿದ್ದನ್ನು ತೋರಿಸಬೇಕು. 1991ರಲ್ಲಿ ಎಪ್ಪತ್ತು ದಾಟಿದ ಅಜ್ಜನ ಮಾತು ಅಲ್ಲಿಗೆ ಸರಿಯಾಗಿ ಮುಟ್ಟುತ್ತಿತ್ತು. ಆ 42 ನೋಟ್‌ಬುಕ್‌ಗಳಲ್ಲಿ ಯಾವ ಮನೆಯ ಯಾವ ಹಕ್ಕು ತೂಕಕ್ಕೆ ಹೋಯಿತೋ ನಾನರಿಯೆ. ರಾತ್ರಿ ನಿದ್ದೆ ಬಾರದಿದ್ದಾಗ ಯೋಚಿಸುವುದು ಇದನ್ನೇ.

ಜೂನ್ ಮೊದಲ ವಾರ ಮಳೆ ಹಿಡಿಯಿತು, ಹುಡುಗಿ ಹೊರಟಳು. ಅವಳು ಬರೆದ ನಕ್ಷೆಗಳ ಒಂದು ಪ್ರತಿ ನನ್ನ ಬಳಿ ಇದೆ. ಗ್ರಾಮ ನಕ್ಷೆಯಲ್ಲಿ ಬರೀ ನಂಬರುಗಳಿದ್ದ ಜಾಗದಲ್ಲಿ ಈಗ ಹೆಸರುಗಳಿವೆ. ಇನ್ನೊಂದು ಪ್ರತಿಯನ್ನು ಆ ಊರಿನ ಪಂಚಾಯಿತಿಗೆ ಕೊಟ್ಟಿದ್ದಾಳೆ.

ಆದ್ದರಿಂದ, 1991ರ ಒಂಬತ್ತನೆಯ ತರಗತಿಯ ನನ್ನ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಒಂದು ಬೇಡಿಕೆ. ಅಂದು ನೀವು ಬರೆದುಕೊಟ್ಟದ್ದನ್ನು ನಾನು ಕಳೆದೆ, ಕ್ಷಮಿಸಿ. ನೆನಪಿರುವಷ್ಟು ಹೆಸರುಗಳನ್ನು ಇನ್ನೊಮ್ಮೆ ಬರೆದು ಕಳಿಸಿ. ಊರು, ಹೋಬಳಿ, ಹೆಸರು, ಅದನ್ನು ನಿಮಗೆ ಹೇಳಿದವರು ಯಾರು ಎಂಬುದು, ಪಹಣಿಯಲ್ಲಿ ಸರ್ವೆ ನಂಬರ್ ಸಿಕ್ಕರೆ ಅದೂ ಇರಲಿ. ಮನೆಯಲ್ಲಿ ಹಿರಿಯರಿದ್ದರೆ ಈ ಭಾನುವಾರವೇ ಕೇಳಿ. ಬೇರೆ ವರ್ಷಗಳವರೂ, ನಮ್ಮ ಬಂಧುಗಳೂ ಬರೆಯಬಹುದು; ಅದರಲ್ಲೂ ನಮ್ಮ ತಾಯಿಯ ಕಡೆಯವರು, ಮುಳುಗಿದ ಊರಿನ ಆ ಮಿಕ್ಕ ಗದ್ದೆಗಳಿಗಾಗಿ. ಕಾಗದದಲ್ಲಿ ಬರೆದು ಫೋಟೋ ತೆಗೆದು ಕಳಿಸಿದರೂ ಆಗುತ್ತದೆ. ಅಕ್ಷರ ಹೇಗಿದ್ದರೂ ಸರಿ.